ವರ್ಷದ ದುಡ್ಡು, ತಿಂಗಳ ಊರು

ರಿಪ್ಪನ್‌ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಗಿರಾಕಿಗಳ ಬಾಯಲ್ಲಿ ಇವತ್ತಿಗೂ ಕೇಳಿಬರುವ ಮಾತೊಂದಿದೆ: "ಬರ್ಕಳಿ, ಅಡಿಕೆ ಕೊಟ್ಟ ಮೇಲೆ ಲೆಕ್ಕ ಮಾಡನ." ಅಂಗಡಿಯವರು ಬರೆದುಕೊಳ್ಳುತ್ತಾರೆ. ಸಕ್ಕರೆ, ಚಾಪುಡಿ ಮಾತ್ರವಲ್ಲ, ಅಡಿಕೆಯ ಕೊಳೆ ರೋಗದ ಔಷಧಿಗೆ ಬೇಕಾದ ಮೈಲುತುತ್ತವೂ ಹೀಗೆ ಬರೆಸಿಯೇ ಮನೆಗೆ ಹೋಗುವುದುಂಟು. ಜಾಮೀನು ಯಾರೂ ಕೇಳುವುದಿಲ್ಲ. ಗಿರಾಕಿಯ ಮನೆ ಯಾವುದು, ತೋಟ ಎಷ್ಟು, ಈ ವರ್ಷ ಎಲೆಚುಕ್ಕೆ ರೋಗ ಎಷ್ಟು ತಿಂದಿದೆ ಎಂಬುದೆಲ್ಲ ಅಂಗಡಿಯವರಿಗೆ ಬ್ಯಾಂಕ್ ಮ್ಯಾನೇಜರಿಗಿಂತ ಚೆನ್ನಾಗಿ ಗೊತ್ತು.

ಹೊಸನಗರ ತಾಲ್ಲೂಕಿನ ಈ ಪೇಟೆಗೆ ಹೆಸರು ಬಂದದ್ದು 1880ರಿಂದ 1884ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ರಿಪ್ಪನ್‌ನಿಂದ. ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದ 1881ರಲ್ಲಿ ಅಧಿಕಾರದಲ್ಲಿದ್ದವನು ಅವನೇ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ ಇಲ್ಲಿಂದ ಒಡೆಯುತ್ತವೆ. ಆದರೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರಿಗೆ ದಾರಿ ಒಂದೇ. ರಾತ್ರಿ ಬಸ್ಸು ಹತ್ತುವುದು, ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲೋ ಮೆಜೆಸ್ಟಿಕ್ಕಿನಲ್ಲೋ ಇಳಿಯುವುದು.

ಈ ಅಂಕಣಕಾರನೂ ಹಾಗೆ ಇಳಿದವನೇ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ 2011ರ ಅಕ್ಟೋಬರಿನಲ್ಲಿ ಓಡಲು ಶುರುಮಾಡಿದ್ದ ಮೆಟ್ರೊ ಆಗಿನ್ನೂ ಹೊಸತು. ಜನ ಕೆಲಸವಿಲ್ಲದಿದ್ದರೂ ಹತ್ತಿ ಇಳಿದು ಖುಷಿಪಡುತ್ತಿದ್ದರು. ಹೊಸದಾಗಿ ಬಂದವನ ಕಣ್ಣಿಗೆ ಊರು ದುಬಾರಿಯಾಗಿ ಕಂಡಿತು. ಒಂದೆಲಗಕ್ಕೆ ದುಡ್ಡು, ಕರಿಬೇವಿಗೆ ದುಡ್ಡು, ಬಾಳೆಎಲೆಗೆ ಎಣಿಸಿ ದುಡ್ಡು. ಬೇಲಿಸಾಲಿನಲ್ಲಿ ಬೆಳೆಯುವ ಕೆಸುವಿನ ಎಲೆಯನ್ನು ಕಟ್ಟು ಕಟ್ಟಿ ಮಾರುತ್ತಿದ್ದುದನ್ನು ಊರಿಗೆ ಫೋನು ಮಾಡಿ ಹೇಳಿದಾಗ ಅಮ್ಮ ನಂಬಲಿಲ್ಲ.

ಇದು ಎಲ್ಲ ಹೊಸಬರೂ ಹೇಳುವ ಮಾತು. ಆದರೆ ಒಂದಷ್ಟು ತಿಂಗಳು ಖರ್ಚು ಬರೆದಿಟ್ಟು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಮಲೆನಾಡಿನ ಮನೆಯ ಹಣ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೋ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್‌ಕೋಸ್‌ಗೋ ಹಾಕಿದ ಮೇಲೆ ದುಡ್ಡು ಕಾಣುತ್ತದೆ. ಅಲ್ಲಿಯವರೆಗಿನ ತಿಂಗಳುಗಳನ್ನು ಅಂಗಡಿಯ ಬರವಣಿಗೆ ಮತ್ತು ಸೊಸೈಟಿ ಸಾಲ ದಾಟಿಸುತ್ತವೆ. ಬೆಂಗಳೂರು ನಡೆಯುವುದು ತಿಂಗಳ ಲೆಕ್ಕದಲ್ಲಿ. ಅದೂ ಮೊದಲ ಸಂಬಳ ಕೈಸೇರುವ ಮೊದಲೇ ಅದು ದೊಡ್ಡ ಗಂಟೊಂದನ್ನು ಕೇಳುತ್ತದೆ. ಹೊಸಬನ ಸಂಕಟದ ಮೂಲ ಇಲ್ಲಿದೆ, ಒಂದೆಲಗದ ಬೆಲೆಯಲ್ಲಿ ಅಲ್ಲ.

ಆ ಗಂಟಿನ ಹೆಸರು ಅಡ್ವಾನ್ಸ್. ಆಗ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಡುವುದು ಬೆಂಗಳೂರಿನಲ್ಲಿ ಪ್ರಶ್ನಿಸಲಾಗದ ರೂಢಿ. ಮುಂಬೈ, ದೆಹಲಿಗಳಲ್ಲಿ ಎರಡು ಮೂರು ತಿಂಗಳಿಗೆ ಮುಗಿಯುವ ವಿಷಯ ಇಲ್ಲಿ ಹತ್ತಕ್ಕೆ ಏಕೆ ಏರಿತು ಎಂದು ಕೇಳಿದರೆ ಬ್ರೋಕರುಗಳು ನಗುತ್ತಾರೆ. ಈ ಅಂಕಣಕಾರನ ಅಪ್ಪಯ್ಯ ಫೋನಿನಲ್ಲಿ ಕೇಳಿದ್ದು ಮಾತ್ರ ನ್ಯಾಯವಾದ ಪ್ರಶ್ನೆ: "ಹತ್ತು ತಿಂಗಳದ್ದು ಈಗಲೇ ಕೊಟ್ರೆ ಇನ್ನು ಹತ್ತು ತಿಂಗಳು ಬಾಡಿಗೆ ಕೊಡಾದು ಬ್ಯಾಡ ಅಲ್ಲನ?" ಬೇಕು ಅಪ್ಪಯ್ಯ, ಅದೂ ಬೇಕು, ಇದೂ ಬೇಕು.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಹಾಗಾಗಿ ಈಗಲೂ ಬೆಂಗಳೂರಿನಲ್ಲಿ ಚೌಕಾಸಿಯೇ ಕಾನೂನು. ಐದಾರು ತಿಂಗಳಿಗೆ ಒಪ್ಪುವ ಮಾಲೀಕರು ಇತ್ತೀಚೆಗೆ ಸಿಗುತ್ತಾರೆ. ಕೇಳಿದವರಿಗೆ ಮಾತ್ರ.

ಲೆಕ್ಕ ಹಾಕಿ ನೋಡೋಣ. ತುಮಕೂರು ರಸ್ತೆಯ ಮಗ್ಗುಲಲ್ಲಿ ಒಂದು ಕೋಣೆ, ಅಡುಗೆಮನೆ, ಹಜಾರ ಇರುವ ಮನೆಗೆ 15,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಅಡ್ವಾನ್ಸ್ ಆರು ತಿಂಗಳು, 90,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಮೊದಲ ತಿಂಗಳ ಬಾಡಿಗೆ. ಇಲ್ಲಿಗೆ 1,20,000. ಗ್ಯಾಸು, ಒಲೆ, ಹಾಸಿಗೆ, ಬಕೆಟ್ಟು, ಕುಕ್ಕರು ಎಂದು ಕನಿಷ್ಠ 20,000 ಸೇರಿಸಿದರೆ 1,40,000. ಕೈಗೆ 30,000 ಬರುವ ಕೆಲಸಕ್ಕೆ ಸೇರಿದವನ ನಾಲ್ಕೂವರೆ ತಿಂಗಳಿಗೂ ಮಿಕ್ಕಿದ ಸಂಬಳ ಅವನು ಮೊದಲ ಸಂಬಳ ಎಣಿಸುವ ಮೊದಲೇ ಖರ್ಚಾಗಿರುತ್ತದೆ.

ಇನ್ನೊಂದು ಲೆಕ್ಕವನ್ನು ಬಹಳ ಜನ ಹಾಕುವುದೇ ಇಲ್ಲ. ಆ 90,000 ಬ್ಯಾಂಕಿನಲ್ಲಿ ಶೇ 7ರ ಠೇವಣಿಯಾಗಿದ್ದರೆ ವರ್ಷಕ್ಕೆ 6,300 ಬಡ್ಡಿ, ಅಂದರೆ ತಿಂಗಳಿಗೆ 525 ರೂಪಾಯಿ. ಅದನ್ನು ನೀವು ಮಾಲೀಕರಿಗೆ ಸುಮ್ಮನೆ ಕೊಡುತ್ತಿದ್ದೀರಿ. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ಇನ್ನೊಂದು ರೂಢಿ. ಈ ಅಂಕಣಕಾರ ಬಿಟ್ಟ ಮೊದಲ ಮನೆಯಲ್ಲೂ ಹಿಡಿದರು. ಮುಂದೆ ಅದೇ ಗೋಡೆಯ ಅದೇ ಹಳೆಯ ಬಣ್ಣದ ನಡುವೆ ಬೇರೆ ಬಾಡಿಗೆದಾರರು ಬಂದು ಕೂತದ್ದನ್ನು ಕಣ್ಣಾರೆ ಕಂಡದ್ದಾಯಿತು. ಕರಾರಿನ 11 ತಿಂಗಳಿಗೆ ಹಂಚಿದರೆ ಬಣ್ಣದ್ದು ತಿಂಗಳಿಗೆ 1,364, ಬ್ರೋಕರಿನದ್ದು 1,364. ಎಲ್ಲ ಕೂಡಿಸಿ: ಹದಿನೈದು ಸಾವಿರದ ಮನೆ ನಿಜದಲ್ಲಿ 18,253 ರೂಪಾಯಿಯದ್ದು. ಬೋರ್ಡಿನ ಮೇಲಿರುವ ಬಾಡಿಗೆಯನ್ನಲ್ಲ, ಈ ಬಾಡಿಗೆಯನ್ನು ನೋಡಿ ಮನೆ ಹಿಡಿಯಬೇಕು. ಎರಡು ವರ್ಷ ಒಂದೇ ಕಡೆ ನಿಂತರೆ ಬಣ್ಣ, ಬ್ರೋಕರಿನ ಈ ತಿಂಗಳ ಹೊರೆ ಸುಮಾರು ಅರ್ಧಕ್ಕಿಳಿಯುತ್ತದೆ. ವರ್ಷಕ್ಕೊಮ್ಮೆ ಮನೆ ಬದಲಿಸುವವರು ಊರಿನವರಿಗೆ ಹುರುಪಿನವರಾಗಿ ಕಂಡರೂ ಹಣದ ಲೆಕ್ಕದಲ್ಲಿ ಸೋಲುತ್ತಿರುತ್ತಾರೆ.

ಹನ್ನೊಂದೇ ತಿಂಗಳು ಏಕೆ ಎಂದು ಕೇಳುವವರಿಗೆ: 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರುವ ಕರಾರನ್ನು ನೋಂದಾಯಿಸಲೇಬೇಕು. ಅದರ ಖರ್ಚು, ಓಡಾಟ ಯಾರಿಗೂ ಬೇಡ. ಬ್ರಿಟಿಷರ ಕಾಲದ ಆ ಒಂದು ಸಾಲು ಇಡೀ ಬೆಂಗಳೂರಿನ ಬಾಡಿಗೆ ವ್ಯವಹಾರಕ್ಕೆ ಅಳತೆಗೋಲಾಗಿದೆ.

ಇಷ್ಟಾದ ಮೇಲೆ ನಗರ ಅಗ್ಗವಾಗಿರುವ ಕಡೆಗಳನ್ನೂ ಹೇಳಬೇಕು. ಹೊಸಬರಿಗೆ ಇವು ಕಣ್ಣಿಗೆ ಬೀಳುವುದೇ ತಡವಾಗಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹುಂಚದಿಂದ ರಿಪ್ಪನ್‌ಪೇಟೆಗೆ ಬರಲು ಖಾಸಗಿ ಬಸ್ಸು ಹತ್ತಿ ದುಡ್ಡು ಕೊಡುವ ಹೆಣ್ಣುಮಗಳು ಬೆಂಗಳೂರಿಗೆ ಬಂದು ಪೀಣ್ಯದಿಂದ ಜಯನಗರದವರೆಗೆ ಬಿಎಂಟಿಸಿಯಲ್ಲಿ ಪುಕ್ಕಟೆ ಹೋಗುತ್ತಾಳೆ. ಅನ್ಯಾಯವೆಂದರೆ ಅನ್ಯಾಯವೇ, ಆದರೆ ನಗರಕ್ಕೆ ಬಂದವಳ ಬಜೆಟ್ಟಿನಲ್ಲಿ ಅದು ತಿಂಗಳಿಗೆ ಸಾವಿರ ರೂಪಾಯಿಗೂ ಮಿಕ್ಕಿದ ಉಳಿತಾಯ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಗಂಡಸರ ಬಿಎಂಟಿಸಿ ಸಾಮಾನ್ಯ ಮಾಸಿಕ ಪಾಸಿಗೇ 1,200 ರೂಪಾಯಿ. ಮೆಟ್ರೊ ಮಾತ್ರ ಅಗ್ಗವಲ್ಲ, ಅದು ಅದೇ ವರ್ಷದ ಫೆಬ್ರುವರಿಯಲ್ಲಿ ಗರಿಷ್ಠ ದರವನ್ನು 60ರಿಂದ 90ಕ್ಕೆ ಏರಿಸಿತು. ನಾಗಸಂದ್ರದಿಂದ ಮಾದಾವರದವರೆಗೆ 2024ರ ನವೆಂಬರಿನಲ್ಲಿ ಮೆಟ್ರೊ ಬಂದಿದ್ದರಿಂದ ಊರಿನ ಬಸ್ಸು ಬರುವ ದಾರಿಯಲ್ಲೇ ಮನೆ ಮಾಡುವವರು ಹೆಚ್ಚಿದ್ದಾರೆ. ಬಾಡಿಗೆ ಕಡಿಮೆ, ರೈಲಿನ ಟಿಕೆಟ್ ಹೆಚ್ಚು. ಎರಡನ್ನೂ ಕೂಡಿಸಿಯೇ ನೋಡಬೇಕು.

ಗೃಹಜ್ಯೋತಿಯ ಉಚಿತ ಕರೆಂಟು ಬಾಡಿಗೆದಾರರಿಗೂ ಇದೆ ಎಂಬುದು ಎಷ್ಟೋ ಹೊಸಬರಿಗೆ ಗೊತ್ತಿಲ್ಲ. ಕರಾರುಪತ್ರ, ಆಧಾರ್, ಮನೆಯ ಮೀಟರಿನ ಆರ್.ಆರ್. ಸಂಖ್ಯೆ ಇದ್ದರೆ ಅರ್ಜಿ ಹಾಕಬಹುದು. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಇನ್ನೂ ಅಂಟಿಕೊಂಡಿದ್ದರೆ ಮೊದಲು ಬಿಡಿಸಬೇಕು, ಅಷ್ಟೆ. ಊಟಕ್ಕೆ ತೀರಾ ಕೈಕಟ್ಟಿದ ದಿನಗಳಲ್ಲಿ 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಇದೆ. ತಿಂಡಿಗೆ ಐದು, ಊಟಕ್ಕೆ ಹತ್ತು ಎಂದು ಆರಂಭವಾದ ದರ ಇವತ್ತಿನ ಹೋಟೆಲಿನ ಒಂದು ಕಾಫಿಗಿಂತ ಕಡಿಮೆ. ನಾಚಿಕೊಳ್ಳಬೇಕಾದ್ದೇನೂ ಇಲ್ಲ, ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ಟೈ ಕಟ್ಟಿದವರೂ ಇರುತ್ತಾರೆ.

ಹೊರೆ ಇರುವುದು ಒಂದೆಲಗದ ಬೆಲೆಯಲ್ಲಲ್ಲ ಎಂಬ ಕತೆಯನ್ನೇ ದೇಶದ ಮಟ್ಟದ ಅಂಕಿಯೂ ಹೇಳುತ್ತದೆ. ಕೇಂದ್ರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2023–24ರಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ನಗರದಲ್ಲಿ 6,996. ಅದರಲ್ಲಿ ಆಹಾರದ ಪಾಲು ಹಳ್ಳಿಯಲ್ಲಿ ಸುಮಾರು ಶೇ 47, ನಗರದಲ್ಲಿ ಸುಮಾರು ಶೇ 40. ಅಂದರೆ ನಗರದವನ ಖರ್ಚನ್ನು ಎಳೆದು ಉದ್ದ ಮಾಡುವುದು ಹೊಟ್ಟೆಗಿಂತ ಹೆಚ್ಚಾಗಿ ಹೊಟ್ಟೆಯಾಚೆಯ ಬಾಬತ್ತುಗಳು.

ನೀರಿನ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಹೊಸನಗರ ತಾಲ್ಲೂಕಿನವರಿಗೆ ಇದರಷ್ಟು ವಿಚಿತ್ರವಾಗಿ ಕಾಣುವ ಖರ್ಚು ಇನ್ನೊಂದಿಲ್ಲ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಹಿತ್ತಿಲಿಗೆ ಬರುವ ಮನೆಗಳಿಂದ ಬಂದವರು ಇಲ್ಲಿ ಕುಡಿಯಲು ಕ್ಯಾನು, ಬಳಸಲು ಟ್ಯಾಂಕರು ಎಂದು ಎರಡು ಬಿಲ್ಲು ಕಟ್ಟುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರುಗಳ ದರ ಕೈಮೀರಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ ಸಾಗಣೆಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000 ರೂಪಾಯಿ ಎಂದು ನಿಗದಿ ಮಾಡಬೇಕಾಯಿತು. ಬಾಡಿಗೆ ಮಾತಾಡುವಾಗ "ನೀರು ಎಲ್ಲಿಯದು, ಕಾವೇರಿಯೋ ಬೋರೋ ಟ್ಯಾಂಕರೋ, ಅದರ ದುಡ್ಡು ಯಾರದು" ಎಂದು ಕೇಳದೆ ಅಡ್ವಾನ್ಸ್ ಕೊಡಬಾರದು. ಮಾರ್ಚ್‌ನಲ್ಲಿ ಮೇಂಟೆನೆನ್ಸ್ ಏಕೆ ಇದ್ದಕ್ಕಿದ್ದಂತೆ ಹಿಗ್ಗಿತು ಎಂಬುದಕ್ಕೆ ಉತ್ತರ ಅಲ್ಲಿರುತ್ತದೆ.

ಇದರ ಜೊತೆಗೆ ಒಂದು ವ್ಯಂಗ್ಯ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಹೊಸನಗರ, ಸಾಗರದ ಊರುಗಳು ಮುಳುಗಿದವು. ಆ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಎದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಊರಿನಲ್ಲಿ ಅಣ್ಣ ಮೆರವಣಿಗೆಯಲ್ಲಿದ್ದಾಗ ಬೆಂಗಳೂರಿನಲ್ಲಿ ತಮ್ಮ ಟ್ಯಾಂಕರಿನವನಿಗೆ ಫೋನು ಹಚ್ಚುತ್ತಿದ್ದ ಮನೆಗಳು ಬೇಕಾದಷ್ಟು. ಇಬ್ಬರ ನೀರಿನ ಖರ್ಚೂ ಒಂದೇ ಕುಟುಂಬದ ಲೆಕ್ಕಕ್ಕೆ ಬರುತ್ತದೆ.

ಸಂಬಳದ ಚೀಟಿಗೆ ಬರೋಣ. ಕ್ಯಾಂಪಸ್ಸಿನಲ್ಲಿ ಹೇಳುವುದು ವರ್ಷದ ಲೆಕ್ಕ: 4,80,000 ಸಿಟಿಸಿ. ಅಡಿಕೆಯವರಿಗೆ ವರ್ಷದ ಲೆಕ್ಕ ಸಹಜ, ಹನ್ನೆರಡರಿಂದ ಭಾಗಿಸಿ ನಲವತ್ತು ಸಾವಿರ ಎಂದು ಖುಷಿಪಡುತ್ತಾರೆ. ಹಸಿ ಅಡಿಕೆಯ ತೂಕ ನೋಡಿ ಒಣ ಅಡಿಕೆಯ ರೊಕ್ಕ ಎಣಿಸಿದ ಹಾಗೆ. ಕಂಪನಿ ಕಟ್ಟುವ ಭವಿಷ್ಯನಿಧಿಯೂ ನೌಕರ ಕಟ್ಟುವ ಭವಿಷ್ಯನಿಧಿಯೂ ಆ ಮೊತ್ತದೊಳಗೇ ಇರುತ್ತವೆ. ಗ್ರಾಚ್ಯುಟಿ, ವಿಮೆ, ವೃತ್ತಿ ತೆರಿಗೆಯನ್ನೂ ಕಳೆದು ಕೈಗೆ ಬರುವುದು ಮೂವತ್ತೈದು ಸಾವಿರದ ಆಸುಪಾಸು. ಕೆಲಸದ ಪತ್ರ ಕೈಗೆ ಬಂದ ದಿನವೇ "ಕೈಗೆ ಎಷ್ಟು" ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಆ ಅಂಕಿಯ ಮೇಲೆ ಬಾಡಿಗೆ ನಿರ್ಧರಿಸಬೇಕು.

ಇಲ್ಲೇ ಎರಡು ಊರುಗಳ ಸಾಲದ ವ್ಯತ್ಯಾಸವೂ ಎದ್ದು ಕಾಣುತ್ತದೆ. ಊರಿನ ಸೊಸೈಟಿಯಲ್ಲಿ ಬೆಳೆಸಾಲ ಐದು ಲಕ್ಷದವರೆಗೆ ಶೂನ್ಯ ಬಡ್ಡಿಗೆ ಸಿಗುವಂತೆ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಮಿತಿ ಏರಿಸಿತು. ಅದಕ್ಕೆ ಪಹಣಿ ಬೇಕು, ಜಾಮೀನು ಬೇಕು, ಹೇಳಿದ ದಿನಕ್ಕೆ ಕಟ್ಟಬೇಕು. ಬೆಂಗಳೂರಿನಲ್ಲಿ ಮೂರು ತಿಂಗಳ ಸಂಬಳದ ಚೀಟಿ ಇದ್ದರೆ ಫೋನಿನಲ್ಲೇ ಕ್ರೆಡಿಟ್ ಕಾರ್ಡು ಮನೆಗೆ ಬರುತ್ತದೆ. ಪೂರ್ತಿ ಬಿಲ್ಲು ಕಟ್ಟುವವರೆಗೆ ಅದು ಒಳ್ಳೆಯದೇ. "ಕನಿಷ್ಠ ಮೊತ್ತ" ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ತಿಂಗಳಿಗೆ ಶೇ 3.5ರ ಹಾಗೆ, ವರ್ಷಕ್ಕೆ ಶೇ 42ರ ಬಡ್ಡಿ ಬೀಳಬಹುದು. ಅಂಗಡಿಯಲ್ಲಿ ಬರೆಸಿ ರೂಢಿಯಾದ ಮನೆಯಿಂದ ಬಂದವರಿಗೆ ಈ ಕಾರ್ಡು ತುಂಬಾ ಪರಿಚಿತವಾಗಿ ಕಾಣುತ್ತದೆ, ಈಗ ತಗೊಂಡು ಆಮೇಲೆ ಕೊಡುವುದು. ಅಂಗಡಿಯವರು ಕಾಯುತ್ತಾರೆ, ಕಾರ್ಡು ಕಾಯುವುದಿಲ್ಲ.

ಈಗ ಲೀಸ್. ಊರಿನಿಂದ ಸ್ವಲ್ಪ ದೊಡ್ಡ ಗಂಟು ತರಬಲ್ಲ ಮನೆಗಳು ಎಡವುವುದು ಇಲ್ಲಿ. ತೋಟ ಭೋಗ್ಯಕ್ಕೆ ಹಾಕುವುದು, ಬಿಡಿಸಿಕೊಳ್ಳುವುದು ಮಲೆನಾಡಿನವರು ಕಂಡ ವ್ಯವಹಾರ. ಹಾಗಾಗಿ "ಎಂಟು ಲಕ್ಷ ಕೊಡಿ, ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಹೋಗುವಾಗ ಎಂಟು ಲಕ್ಷ ವಾಪಸ್" ಎಂದು ಬ್ರೋಕರ್ ಹೇಳಿದರೆ ಅದು ಕೇಳಿದ ಮಾತಿನಂತೆಯೇ ಇರುತ್ತದೆ. ಮೇಲ್ನೋಟದ ಲೆಕ್ಕವೂ ಚಂದ. ಎಂಟು ಲಕ್ಷಕ್ಕೆ ಶೇ 7ರ ಬಡ್ಡಿ ವರ್ಷಕ್ಕೆ 56,000, ತಿಂಗಳಿಗೆ 4,667. ಹದಿನೈದು ಸಾವಿರ ಬಾಡಿಗೆಯ ಮನೆ ಐದು ಸಾವಿರದೊಳಗೆ!

ಮಾಲೀಕರ ಕಡೆಯಿಂದ ನೋಡಿ. ಅವರು ಬಿಟ್ಟುಕೊಡುತ್ತಿರುವುದು ವರ್ಷಕ್ಕೆ 1,80,000 ರೂಪಾಯಿ ಬಾಡಿಗೆ. ಎಂಟು ಲಕ್ಷದ ಮೇಲೆ ಅದು ಶೇ 22.5. ಬ್ಯಾಂಕಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಮನೆಸಾಲ ಸಿಗುವಾಗ ಒಬ್ಬರು ಇಷ್ಟು ದುಬಾರಿ ಹಣ ಏಕೆ ಎತ್ತುತ್ತಾರೆ? ಕೆಲವೊಮ್ಮೆ ಕಾರಣ ಸರಳ: ಮಗಳ ಮದುವೆ, ತುರ್ತು ಚಿಕಿತ್ಸೆ, ಮೇಲಿನ ಮಹಡಿ ಕಟ್ಟುವುದು. ಇನ್ನು ಕೆಲವೊಮ್ಮೆ ಆ ಮನೆಯ ಮೇಲೆ ಬ್ಯಾಂಕು ಕೊಡಬಹುದಾದಷ್ಟೂ ಕೊಟ್ಟಾಗಿರುತ್ತದೆ. ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮೊಕದ್ದಮೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಹೊರಡಬಹುದು. ನೋಂದಣಿಯಾಗದ ಲೀಸ್ ಕಾಗದ ಹಿಡಿದು ನಿಂತವರ ಮಾತು ಆಗ ತೀರಾ ಹಗುರ. ಎಂಟು ಲಕ್ಷ ಮಾಲೀಕರ ಕೈಯಲ್ಲಿ ಖರ್ಚಾಗಿ ಹೋಗಿರುತ್ತದೆ.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ದಕ್ಷಿಣ ಕೊರಿಯಾದಲ್ಲಿ 'ಜನ್‌ಸೆ' ಎಂಬ ಇಂಥದ್ದೇ ಪದ್ಧತಿ ಬಹಳ ಕಾಲದಿಂದ ಇದೆ. ಅಲ್ಲಿ ಮನೆಯ ಬೆಲೆಗಳು ಕುಸಿದು, ನೂರಾರು ಮನೆ ಇಟ್ಟುಕೊಂಡಿದ್ದ ಮಾಲೀಕರು ಗಂಟು ಹಿಂದಿರುಗಿಸಲಾಗದೆ ಕೈಯೆತ್ತಿದ ಮೇಲೆ ಮೋಸಹೋದವರಿಗಾಗಿಯೇ 2023ರ ಮೇನಲ್ಲಿ ವಿಶೇಷ ಕಾನೂನು ತರಬೇಕಾಯಿತು. ನಮ್ಮಲ್ಲಿ ಅಂಥದ್ದಿಲ್ಲ. ಇರುವುದು ಋಣಭಾರ ಪತ್ರ, ಅಂದರೆ ಇ.ಸಿ. 'ಕಾವೇರಿ' ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು, ಶುಲ್ಕ ಒಂದು ಹೊತ್ತಿನ ಊಟಕ್ಕಿಂತ ಹೆಚ್ಚೇನಲ್ಲ. ಇ.ಸಿ.ಯಲ್ಲಿ ಅಡಮಾನ ಕಂಡರೆ, ಅಥವಾ ಲೀಸ್ ಪತ್ರ ನೋಂದಣಿ ಮಾಡಿಸಲು ಮಾಲೀಕರು ಹಿಂದೇಟು ಹಾಕಿದರೆ, ಆ ಮನೆ ಬೇಡ. ಇ.ಸಿ. ಸ್ವಚ್ಛವಿದ್ದರೂ ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು, ಪತ್ರ ಬ್ಯಾಂಕಿನಲ್ಲಿಟ್ಟು ಮಾಡಿದ ಸಾಲ ಇ.ಸಿ.ಯಲ್ಲಿ ಕಾಣದೆಯೂ ಇರಬಹುದು. ಈ ಒಂದು ವಿಷಯದಲ್ಲಿ ಈ ಅಂಕಣಕಾರನಿಗೆ ರಾಜಿ ಇಲ್ಲ. ಕೆಂಚನಾಲದ ಕಡೆಯ ಒಂದು ದಂಪತಿ ಕೇಳಿಕೊಂಡು ಬಂದಾಗಲೂ ಇದನ್ನೇ ಹೇಳಿದ್ದು. ಅವರು ಲೀಸ್ ಬಿಟ್ಟು ಬಾಡಿಗೆ ಮನೆ ಹಿಡಿದರು, ಗಂಟನ್ನು ಅವಧಿ ಠೇವಣಿಯಲ್ಲಿಟ್ಟು ಅದರ ಬಡ್ಡಿಯನ್ನು ಬಾಡಿಗೆಗೆ ಸೇರಿಸುತ್ತಿದ್ದಾರೆ. ತಿಂಗಳಿಗೆ ಹತ್ತು ಸಾವಿರ ಹೆಚ್ಚು ಖರ್ಚು, ಎಂಟು ಲಕ್ಷ ಮಾತ್ರ ಅವರ ಹೆಸರಿನಲ್ಲೇ ಇದೆ.

ಊರಿಗೆ ಹೋಗಿಬರುವ ಖರ್ಚನ್ನು ಯಾವ ಬಜೆಟ್ ಪುಸ್ತಕವೂ ಬರೆಯುವುದಿಲ್ಲ, ಮಲೆನಾಡಿನವರು ಬರೆಯಲೇಬೇಕು. ಭೂಮಿ ಹುಣ್ಣಿಮೆ, ದೀಪಾವಳಿ, ಮನೆದೇವರ ಕಾರ್ಯ, ನಡುವೆ ನೆಂಟರಿಷ್ಟರ ಮದುವೆ. ದೊಡ್ಡಹಬ್ಬದ ವಾರ ಖಾಸಗಿ ಬಸ್ಸಿನ ದರ ಎಲ್ಲಿಗೆ ಏರುತ್ತದೆ ಎಂಬುದು ಹತ್ತಿದವರಿಗೆ ಗೊತ್ತು. ತಾಳಗುಪ್ಪದ ರೈಲು ಆನಂದಪುರದವರೆಗೆ ಅದರ ಸಣ್ಣ ಭಾಗಕ್ಕೆ ಒಯ್ಯುತ್ತದೆ. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಆ ಅರವತ್ತನೆಯ ದಿನದ ಬೆಳಿಗ್ಗೆ ಎಂಟಕ್ಕೆ ಎಚ್ಚರ ಇದ್ದವರಿಗೆ ಸೀಟು. ಇದೇ ಹಳಿಯ ಮೇಲಿನ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಈಗ 'ಮಾಲ್ಗುಡಿ' ವಸ್ತುಸಂಗ್ರಹಾಲಯವಾಗಿ ಪ್ರವಾಸಿಗರನ್ನು ಕರೆಯುತ್ತಿದೆ. ಊರಿನವರಿಗೆ ಬೇಕಾದದ್ದು ಇನ್ನಷ್ಟು ರೈಲು.

ಇನ್ನು, ಯಾವಾಗ ಹೊರಡಬೇಕು ಎಂಬ ಪ್ರಶ್ನೆ. ಮಕ್ಕಳ ಡಿಗ್ರಿ ಮುಗಿಯುವುದು ಮಳೆಗಾಲದ ಹೊತ್ತಿಗೆ. ಮಲೆನಾಡಿನ ಮನೆಯಲ್ಲಿ ಕೈ ತೀರಾ ಖಾಲಿ ಇರುವುದೂ ಆಗಲೇ. ಮಾರ್ಚ್ ಕೊನೆಗೆ ಸೊಸೈಟಿಗೆ ಕಟ್ಟಿ ಆಗಿದೆ, ಶಾಲೆಯ ಫೀಸು ಹೋಗಿದೆ, ಕೊಳೆ ಔಷಧಿ ಹೊಡೆಸುವ ಕೂಲಿ ಎದುರಿಗಿದೆ, ಹೊಸ ಅಡಿಕೆ ಇನ್ನೂ ಮರದಲ್ಲಿ. ಸರಿಯಾಗಿ ಆ ಹೊತ್ತಿಗೆ ಬೆಂಗಳೂರು ಒಂದೂವರೆ ಲಕ್ಷ ಕೇಳುತ್ತದೆ. ಆಗ ಎತ್ತುವ ಸಾಲವೇ ದುಬಾರಿ ಸಾಲ. ಚಿನ್ನ ಅಡ ಇಡುವುದು, ಆ್ಯಪ್ ಸಾಲ, ಮಂಡಿಯಲ್ಲಿ ಮುಂದಿನ ಫಸಲಿನ ಮೇಲೆ ಮುಂಗಡ.

ಮಗನೋ ಮಗಳೋ ಕೊನೆಯ ವರ್ಷದಲ್ಲಿದ್ದರೆ ಈ ಸಲದ ಅಡಿಕೆ ಮಾರಿದ ವಾರವೇ ಒಂದೂವರೆ ಲಕ್ಷವನ್ನು ಬೇರೆ ಖಾತೆಯಲ್ಲಿ, ಆರು ತಿಂಗಳ ಠೇವಣಿಯಾಗಿ, ಅವರ ಹೆಸರಿನಲ್ಲಿ ಇಡಿ. ಅಷ್ಟು ಆಗದಿದ್ದರೆ ಮೊದಲ ಆರು ತಿಂಗಳು ಪಿ.ಜಿ.ಯಲ್ಲಿ ಇರಲಿ, ಅಲ್ಲಿ ಒಂದೆರಡು ತಿಂಗಳ ಮುಂಗಡಕ್ಕೆ ಕೆಲಸ ಮುಗಿಯುತ್ತದೆ. ಮನೆ ಹಿಡಿಯುವುದನ್ನು ಮುಂದಿನ ಕೊಯ್ಲಿನವರೆಗೆ ತಳ್ಳಿ.